ಯಾವ ಕೀಲಿಗೂ ಬಗ್ಗದ ಬೀಗ

ಮಾರ್ಚ್ 3
ಬೀಗದ ಅಂಗಡಿ

ಹಡಗುಕಟ್ಟೆಯ ಸಾಹೇಬರಿಗೆ,

ನಿನ್ನ ಕ್ಷೇಮ ವಿಚಾರಿಸಲು ಈ ಕಾಗದ ಬರೆಯುತ್ತಿಲ್ಲ. ನಿನ್ನ ಕ್ಷೇಮ ನಿನ್ನ ಹತ್ತಿರವೇ ಭದ್ರವಾಗಿರಲಿ, ನನ್ನದಂತೂ ಕೈಬಿಟ್ಟು ಹೋಗಿದೆ.

ಅಂಗಡಿಯ ಈ-ಮೇಲ್ ಖಾತೆ ಇತ್ತಲ್ಲ, ನೀನೇ ಮುತುವರ್ಜಿಯಿಂದ ತೆರೆದುಕೊಟ್ಟದ್ದು, ಅದನ್ನು ಯಾವನೋ ಹೊಡೆದುಕೊಂಡು ಒಳಗೆ ಕೂತಿದ್ದಾನೆ. ಪಾಸ್‌ವರ್ಡ್ ಬದಲಾಯಿಸಿದ್ದಾನೆ. ನನ್ನ ಅಂಗಡಿಗೆ ನಾನೇ ಹೊರಗಿನವನು. ಊರಿನವರ ಬಾಗಿಲಿಗೆಲ್ಲ ಬೀಗ ಹಾಕಿದವನ ಬಾಗಿಲಲ್ಲೇ ಕಳ್ಳ ಕಾಲು ಚಾಚಿ ಮಲಗಿದ್ದಾನೆ ಎಂದು ಯಾರಾದರೂ ನಗುವ ಮೊದಲು ನಾನೇ ನಕ್ಕುಬಿಡೋಣ ಎಂದು ನೋಡಿದೆ. ನಗು ಬರಲಿಲ್ಲ.

ವಿಷಯ ಗೊತ್ತಾದದ್ದು ಹೀಗೆ. ಹಲ್ಲಿನ ಡಾಕ್ಟರು ಅಂಗಡಿಗೆ ಬಂದು ಕೌಂಟರಿನ ಮೇಲೆ ಮನೆ ಕೀಲಿ ಇಟ್ಟರು. "ಏನ್ ಭಾವ, ನೀವು ಹಾಕಿದ ಬೀಗದಲ್ಲಿ ಏನೋ ದೋಷ ಇದೆಯಂತೆ? ಫೋಟೊ ಕಳಿಸೋಕೆ ನನಗೆ ಬರಲ್ಲಪ್ಪ, ಅದಕ್ಕೆ ಕೀಲೀನೇ ತಂದೆ." ಯಾವ ದೋಷ, ಯಾವ ಫೋಟೊ? ಅವರ ಫೋನಿನಲ್ಲಿ ಓದಿದೆ. ನನ್ನ ಅಂಗಡಿಯ ಹೆಸರಿನಿಂದಲೇ ಬಂದ ಮೇಲ್. "ಮಾನ್ಯರೇ, ನಿಮ್ಮ ಮನೆಗೆ ಅಳವಡಿಸಿದ ಬೀಗದಲ್ಲಿ ದೋಷ ಕಂಡುಬಂದಿದೆ. ದಯವಿಟ್ಟು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಕೀಲಿಯ ಎರಡೂ ಬದಿಯ ಫೋಟೊ ತೆಗೆದು ಕಳುಹಿಸಿ. ಹೊಸ ಕೀಲಿಯನ್ನು ಉಚಿತವಾಗಿ ತಲುಪಿಸುತ್ತೇವೆ."

ದಯವಿಟ್ಟು! ನಾನು ಜನ್ಮದಲ್ಲಿ ಯಾರಿಗಾದರೂ ದಯವಿಟ್ಟು ಎಂದು ಬರೆದದ್ದುಂಟೇ? ಅದೊಂದು ಪದಕ್ಕೇ ಜನ ಇದು ಊರಿನ ಬೀಗದ ಭಾವ ಅಲ್ಲ ಎಂದು ಹಿಡಿಯಬೇಕಿತ್ತು. "ವಯಸ್ಸಾದ ಮೇಲೆ ಸ್ವಲ್ಪ ಮೆತ್ತಗಾಗಿದ್ದೀರಿ ಅಂದ್ಕೊಂಡೆ" ಎಂದರು ಡಾಕ್ಟರು. ಅವರ ಕೈಗೆ ಕೀಲಿ ವಾಪಸು ಕೊಟ್ಟು ಕಳಿಸಿದೆ. ಅವರಿಗೆ ಫೋಟೊ ತೆಗೆಯಲು ಬಾರದ್ದರಿಂದ ಅವರ ಮನೆ ಉಳಿಯಿತು. ಫೋಟೊ ತೆಗೆಯಲು ಬರುವವರ ಗತಿ ಏನು?

ಈಗ ಕೆಲಸದ ಮಾತು. ಮೇಲ್ ಕಂಪನಿಯವರು ಖಾತೆ ವಾಪಸು ಬೇಕಾದರೆ ಅದನ್ನು ತೆರೆದ ದಿನ ಹಾಕಿದ ಗುಟ್ಟಿನ ಪ್ರಶ್ನೆಗೆ ಉತ್ತರ ಹೇಳು ಎನ್ನುತ್ತಾರೆ. ಪ್ರಶ್ನೆ ಹಾಕಿದವನು ನೀನು. "ಯಾವ ಕೀಲಿಗೂ ಬಗ್ಗದ ಬೀಗ ಯಾವುದು?" ನನಗೆ ಗೊತ್ತಿರುವ ಬೀಗಗಳ ಹೆಸರೆಲ್ಲ ಹಾಕಿ ನೋಡಿದೆ. ಬ್ಯಾಂಕಿನ ತಿಜೋರಿಯದ್ದು ಹಾಕಿದೆ, ಹಳೇ ಜೈಲಿನ ಬಾಗಿಲಿನದ್ದು ಹಾಕಿದೆ. ಎಲ್ಲ ತಪ್ಪಂತೆ. ಅಂಥ ಬೀಗವೇ ಲೋಕದಲ್ಲಿಲ್ಲ, ಇದ್ದಿದ್ದರೆ ನಾನು ಅನ್ನ ತಿನ್ನುತ್ತಿರಲಿಲ್ಲ. ಉತ್ತರ ಬರೆದು ಕಳಿಸು. ಬೇರೆ ಒಂದಕ್ಷರವೂ ಬೇಡ.

ಕಾಗದ ಯಾಕೆ ಎಂದು ಕೇಳಬೇಡ. ಗುರುತಿಲ್ಲದ ನಂಬರಿನ ಫೋನು ಎತ್ತುವುದನ್ನು ಬಿಟ್ಟಿದ್ದೇನೆ. ಮೇಲ್ ಕಂಪನಿಯ ಅಧಿಕಾರಿ ಎಂದು ಒಬ್ಬ ಸಕ್ಕರೆಯಂಥ ದನಿಯಲ್ಲಿ ಮಾತಾಡಿ ಉಳಿದ ನಾಲ್ಕು ವಿಷಯವನ್ನೂ ಬಾಯಿ ಬಿಡಿಸಲು ನೋಡಿದ. ಇನ್ನು ದನಿ ನಂಬುವವನಲ್ಲ. ನಿನ್ನ ಕೈಬರಹವಾದರೆ ಗುರುತಿದೆ, ಕೋಳಿ ಕೆದರಿದ ಹಾಗೆ. ಅದನ್ನು ನಕಲು ಮಾಡುವ ಕಳ್ಳ ಇನ್ನೂ ಹುಟ್ಟಿಲ್ಲ.

ಭಾವ

ಈ ಕಾಗದ ನಿನ್ನ ಅಕ್ಕ ನೋಡಿಲ್ಲ. ಅವಳನ್ನು ನಡುವೆ ತರಬೇಡ.

(ನೋಡಿದ್ದೇನೆ ಕಣೋ. ಕೊರಿಯರಿಗೆ ಅಂಟು ಹಾಕುವವಳು ನಾನೇ. ಎರಡು ದಿನದಿಂದ ತಟ್ಟೆ ಮುಂದೆ ಕೂತು ಎದ್ದುಹೋಗುತ್ತಿದ್ದಾರೆ. ಬೇಗ ಬರೆ. ಅಕ್ಕ)

*

ಮಾರ್ಚ್ 6
ಹಡಗು ರಿಪೇರಿ ಅಂಗಳ, ಬಾಗಿಲು ವಿಭಾಗ

ಭಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ಕೈಗೆ ಬಂದಾಗ ಒಂದು ಹಡಗಿನ ಉಗ್ರಾಣದ ಬಾಗಿಲು ಬಿಚ್ಚುತ್ತಿದ್ದೆ. ಉಪ್ಪುಗಾಳಿಗೆ ಹಿಡಿದುಕೊಂಡ ತಿರುಪು ಬಿಡಿಸುವಾಗ ನಿಧಾನ ಬೇಕು ಎಂದು ಕಲಿಸಿದವರು ನೀವು. ಅದನ್ನು ನೆನೆದೇ ಎರಡು ಸಲ ಓದಿ ಆಮೇಲೆ ಉತ್ತರಿಸುತ್ತಿದ್ದೇನೆ.

ಇಷ್ಟು ದಿನದ ಮೇಲೆ ನನ್ನ ವಿಳಾಸ ನಿಮಗೆ ನೆನಪಾಯಿತು, ಸಂತೋಷ. ಕೆಲಸಕ್ಕೆ ಸೇರಿದ ವಾರವೇ ಅಕ್ಕನಿಗೆ ವಿಳಾಸ ಬರೆದಿದ್ದೆ. ಅದಕ್ಕೆ ಒಂದು ಸಾಲಿನ ಉತ್ತರವೂ ಬರಲಿಲ್ಲ. ಬಂದ ಸುದ್ದಿ ಬೇರೆಯವರಿಂದ. ತಿರುಪು-ಬೋಲ್ಟಿನ ಸಗಟು ವ್ಯಾಪಾರಿ ಇಲ್ಲಿಗೂ ಮಾಲು ಹಾಕುತ್ತಾನೆ. "ಏನಪ್ಪಾ, ನಿಮ್ಮ ಬೋರ್ಡಿನಿಂದ ನಿನ್ನನ್ನ ಅಳಿಸಿಬಿಟ್ಟರಲ್ಲ" ಎಂದ, ಎಲ್ಲರ ಮುಂದೆ. 'ಭಾವ-ಭಾವಮೈದ ಬೀಗದ ಅಂಗಡಿ' ಎಂದು ಇದ್ದದ್ದರಲ್ಲಿ ಭಾವಮೈದನ ಮೇಲೆ ಬಿಳಿ ಬಣ್ಣ ಬಳಿದಿದ್ದೀರಂತೆ. ಬಟನ್ ಒತ್ತುವ ಬೀಗ ಅಂಗಡಿಯಲ್ಲಿ ಇಡೋಣ ಎಂದದ್ದಕ್ಕೆ ಜಗಳ ಆಯಿತು, ನಾನು ಹೊರಟೆ. ಒಪ್ಪಿದೆ. ಹೊರಟವನು ಸತ್ತವನಲ್ಲ.

ಆ ಪ್ರಶ್ನೆಯ ಉತ್ತರ ನನಗೆ ನೆನಪಿದೆ. ಕಾಗದದಲ್ಲಿ ಬರೆಯುವಂಥದ್ದಲ್ಲ ಅದು. ಮೊದಲು ನನ್ನ ಪ್ರಶ್ನೆಗೆ ಉತ್ತರ ಕೊಡಿ: ಬಣ್ಣ ಯಾಕೆ ಬಳಿದಿರಿ?

ಇನ್ನೊಂದು. ಸಿಟ್ಟಿನಲ್ಲಿ ಖಾತೆಯನ್ನೇ ಮುಚ್ಚಿಸಿಬಿಡುತ್ತೀರಿ ಎಂಬ ಭಯ ನನಗೆ. ಮುಚ್ಚಬೇಡಿ.

ನಿಮ್ಮ ಹಳೆಯ ಭಾವಮೈದ

*

ಮಾರ್ಚ್ 8
ಬೀಗದ ಅಂಗಡಿ

ಬಾಗಿಲು ವಿಭಾಗದವನೇ,

ಉತ್ತರ ಕೇಳಿದರೆ ವಕೀಲರ ಹಾಗೆ ಪಾಟಿ ಸವಾಲು ಹಾಕುತ್ತೀಯಾ? ಬಣ್ಣ ಯಾಕೆ ಬಳಿದೆ ಎಂದು ನಿನಗೆ ಗೊತ್ತಿಲ್ಲವೇ? ಎದೆ ಮುಟ್ಟಿಕೊಂಡು ನೋಡು. ನೀನು ಏನು ಬರೆದೆ, ಯಾವ ಮಾತಿಗೆ ಪ್ರತಿಯಾಗಿ ಬರೆದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಮತ್ತೆ ನನ್ನ ಬಾಯಿಂದ ಹೇಳಿಸಿ ಖುಷಿಪಡಬೇಕು ಎಂದಿದ್ದರೆ ಆ ಆಸೆ ಬಿಡು.

ಮುಚ್ಚಬೇಡಿ ಎನ್ನುತ್ತೀಯಲ್ಲ, ಅದರ ಒಳಗಿನ ಲೆಕ್ಕ ನನಗೆ ಅರ್ಥವಾಗುವುದಿಲ್ಲವೇ? ಯಾರ ಮನೆಗೆ ಯಾವ ಬೀಗ, ಯಾವ ಬೀದಿ, ಯಾವ ಫೋನು, ನನ್ನ ಗಿರಾಕಿಗಳೆಲ್ಲ ಆ ಖಾತೆಯೊಳಗಿದ್ದಾರೆ. ನಾಳೆ ನೀನೊಂದು ಬಟನ್ ಬೀಗದ ಅಂಗಡಿ ತೆರೆದರೆ ಅಲ್ಲಿಗೆ ಇವರೆಲ್ಲ ಬೇಕು. ಕಳ್ಳನಿಗೂ ಅದೇ ಬೇಕು, ನಿನಗೂ ಅದೇ ಬೇಕು. ನಿಮ್ಮಿಬ್ಬರಲ್ಲಿ ಅವನೇ ವಾಸಿ, ಅವನು ದಯವಿಟ್ಟು ಎನ್ನುತ್ತಾನೆ.

ಕಂಪನಿಯ ಕಚೇರಿಗೆ ಹೋಗಿದ್ದೆ. ಗಾಜಿನ ಗೋಡೆ, ಟೋಕನ್ನು, ನೀರು ಕುಡಿಯಲು ಕಾಗದದ ಲೋಟ. ಅಲ್ಲಿನ ಹುಡುಗಿ ಹೇಳಿದಳು: "ಅಂಕಲ್, ಅಂಗಡಿ ಲೈಸೆನ್ಸ್ ತೋರಿಸಿದರೆ ಖಾತೆ ಪರ್ಮನೆಂಟಾಗಿ ಮುಚ್ಚಿಕೊಡ್ತೀವಿ. ಆದರೆ ಒಳಗಿರೋದೆಲ್ಲ ಅಳಿಸಿಹೋಗತ್ತೆ. ತೆರೆಯೋದಾದರೆ ಮಾತ್ರ ಉತ್ತರ ಬೇಕು."

"ಅಮ್ಮಾ, ಪ್ರಶ್ನೆ ಹಾಕಿದವನೇ ಉತ್ತರ ಹೇಳಲ್ಲ ಅಂತಾನೆ" ಎಂದೆ.

"ನಿಮಗೇನಾಗಬೇಕು ಅವರು?"

ನನ್ನ ಬಾಯಿಗೆ ಬಂದ ಉತ್ತರ ಆ ಹುಡುಗಿಯ ಕಿವಿಗೆ ಹೇಳುವಂಥದ್ದಾಗಿರಲಿಲ್ಲ.

ಮೇಷ್ಟ್ರಮ್ಮ ಗೊತ್ತಲ್ಲ, ಹಳೇ ಸ್ಕೂಲಿನ ಹಿಂದೆ ಒಬ್ಬರೇ ಇರುವವರು. ನಿನ್ನೆ ಬಂದಿದ್ದರು. "ಭಾವ, ಕೀಲಿ ಫೋಟೊ ಅವತ್ತೇ ಕಳಿಸಿದೀನಿ. ಎರಡೂ ಕಡೆದು, ನೀವು ಹೇಳಿದ ಹಾಗೇ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದೆ. ಹೊಸ ಕೀಲಿ ಇನ್ನೂ ಬಂದಿಲ್ವಲ್ಲ?" ನೆಟ್ಟಗೆ ತೆಗೆದ ಫೋಟೊ ಎಂದು ಹೆಮ್ಮೆಯಿಂದ ತೋರಿಸಿದರು. ಅಂಥ ಫೋಟೊ ನನ್ನ ಕೈಗೆ ಸಿಕ್ಕರೆ ಒಂದು ಕಾಫಿ ಆರುವುದರೊಳಗೆ ಕೀಲಿ ಅರೆದುಕೊಡುತ್ತೇನೆ. ಬೇರೆಯವನಿಗೂ ಅಷ್ಟೇ ಸಾಕು.

"ಬರುತ್ತೆ ಮೇಷ್ಟ್ರಮ್ಮ" ಎಂದೆ. ಇನ್ನೇನು ಹೇಳಲಿ? ಬೀಗದ ಭಾವನ ಮನೆಗೇ ಕನ್ನ ಬಿದ್ದಿದೆ ಎಂದು ಊರೆಲ್ಲ ಡಂಗುರ ಹೊಡೆಯಲೇ? ಸೋಮವಾರ ಹೋಗಿ ಖಾತೆ ಮುಚ್ಚಿಸುತ್ತೇನೆ. ಬೇರು ಸಮೇತ ಹೋಗಲಿ.

ಭಾವ

(ಉತ್ತರ ಕಳಿಸೋ. ನೀನು ಏನು ಬರೆದೆ ಎಂದು ನನಗೂ ಗೊತ್ತು. ಅದನ್ನು ನಾನು ಇನ್ನೂ ನಂಬಿಲ್ಲ. ಅಕ್ಕ)

*

ಮಾರ್ಚ್ 10

ಭಾವಾ,

ಇವತ್ತು ನಮಸ್ಕಾರ ಇಲ್ಲ. ಮೇಷ್ಟ್ರಮ್ಮನಿಗೆ "ಬರುತ್ತೆ" ಎಂದಿರಾ? ನೀವು?

ನಾನು ನಿಮ್ಮ ಹತ್ತಿರ ಕೆಲಸಕ್ಕೆ ಬಂದ ಮೊದಲ ದಿನ ಒಬ್ಬ ಗಿರಾಕಿಗೆ ಕೀಲಿಯನ್ನು ಎರಡು ಬೆರಳಲ್ಲಿ ಹಿಡಿದು ಕೊಟ್ಟೆ. ನೀವು ನನ್ನ ಮಣಿಕಟ್ಟಿಗೆ ಸ್ಕೇಲಿನಿಂದ ಹೊಡೆದಿರಿ. ಕೀಲಿಯನ್ನು ಮುಷ್ಟಿಯಲ್ಲಿ ಮುಚ್ಚಿ ಗಿರಾಕಿಯ ಮುಷ್ಟಿಯೊಳಗೆ ಇಳಿಸಬೇಕು, ಹಲ್ಲು ಗಾಳಿಗೂ ಕಾಣಬಾರದು ಎಂದಿರಿ. "ಕೀಲಿ ಕಂಡವನು ಬಾಗಿಲು ಕಂಡ ಹಾಗೆ." ಊರಲ್ಲಿ ಬೇರೆ ಯಾವ ಅಂಗಡಿಯಲ್ಲೂ ಈ ಪದ್ಧತಿ ಇಲ್ಲ. ಗಿರಾಕಿಗಳು ನಮ್ಮಲ್ಲಿಗೆ ಬರುತ್ತಿದ್ದದ್ದೇ ಆ ಮುಷ್ಟಿಗಾಗಿ. ಈಗ ಒಬ್ಬ ಒಂಟಿ ಹೆಂಗಸಿನ ಮನೆ ಕೀಲಿ ಅಳತೆಪಟ್ಟಿ ಸಮೇತ ಬೀದಿಯಲ್ಲಿ ಬಿದ್ದಿದೆ. ನಿಮ್ಮ ಚಿಂತೆ ಡಂಗುರದ ಮೇಲೆ!

ಗಿರಾಕಿಗಳ ಪಟ್ಟಿ ನನಗೆ ಬೇಕಂತೆ. ಇಲ್ಲಿ ನನಗೆ ಕೈತುಂಬ ಬಾಗಿಲುಗಳಿವೆ. ಮುಚ್ಚಬೇಡಿ ಎಂದದ್ದು ಇದಕ್ಕೆ: ಯಾರು ಯಾರು ಫೋಟೊ ಕಳಿಸಿದ್ದಾರೆ ಎಂಬುದು ಆ ಖಾತೆಯೊಳಗೆ ಮಾತ್ರ ಇದೆ. ಅದು ಕಳ್ಳನಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಖಾತೆ ಅಳಿಸಿದರೆ ಅವನ ಹತ್ತಿರ ಫೋಟೊಗಳು ಉಳಿಯುತ್ತವೆ, ನಿಮ್ಮ ಹತ್ತಿರ ಹೆಸರುಗಳೂ ಉಳಿಯುವುದಿಲ್ಲ. ಮೊದಲು ಒಳಗೆ ಹೋಗಬೇಕು, ಹೆಸರು ಬರೆದುಕೊಳ್ಳಬೇಕು, ಒಬ್ಬೊಬ್ಬರ ಬೀಗವನ್ನೂ ಬದಲಾಯಿಸಬೇಕು. ಮುಚ್ಚುವುದು ಆಮೇಲೆ.

ಮೇಷ್ಟ್ರಮ್ಮನ ಮನೆಗೆ ಇವತ್ತೇ ಹೋಗಿ.

ಒಂದು ಮಾತು ಕೇಳಬೇಕು. ಪಾಸ್‌ವರ್ಡ್ ಬದಲಾಯಿಸಬೇಕಾದರೆ ಫೋನಿಗೆ ಒಂದು ಕೋಡ್ ಬರುತ್ತದೆ. ಅದನ್ನು ನೋಡದೆ ಯಾರೂ ಒಳಗೆ ಹೋಗಲಾರರು. ಆ ಕೋಡ್ ನಿಮ್ಮ ಫೋನಿಗೆ ಬಂದಿತ್ತೇ? ಯಾರಿಗಾದರೂ ಹೇಳಿದಿರಾ? ಸಿಟ್ಟಿಲ್ಲದೆ ನೆನಪು ಮಾಡಿಕೊಳ್ಳಿ. ಆಗುವುದಿಲ್ಲ ಎಂದಾದರೆ ಸಿಟ್ಟಿನಲ್ಲೇ ನೆನಪು ಮಾಡಿಕೊಳ್ಳಿ.

ನಾನು ಏನೋ ಬರೆದೆ ಎಂದು ನೀವೂ ಹೇಳುತ್ತೀರಿ, ಅಕ್ಕನೂ ಹೇಳುತ್ತಾಳೆ. ನಾನು ನಿಮಗೆ ಏನನ್ನೂ ಬರೆದಿಲ್ಲ. ಬರೆಯುವಷ್ಟು ಸಲಿಗೆಯನ್ನು ನೀವು ಉಳಿಸಿರಲಿಲ್ಲ.

ಭಾವಮೈದ

*

ಮಾರ್ಚ್ 12
ಬೀಗದ ಅಂಗಡಿ

ಕೋಡ್ ನನ್ನ ಫೋನಿಗೆ ಬರುವುದಿಲ್ಲ. ಬರುವುದು ನಿನ್ನ ಫೋನಿಗೆ. ಖಾತೆ ತೆರೆದಾಗ ನನ್ನದು ಬಟನ್ ಫೋನು, ನೆಚ್ಚಬೇಡಿ ಎಂದು ನಿನ್ನ ನಂಬರನ್ನೇ ಕಟ್ಟಿದವನು ನೀನು. ಮರೆತೆಯಾ? ಹಾಗಾದರೆ ಕಳ್ಳ ನೀನು. ನೀನಲ್ಲವಾದರೆ ಕಳ್ಳನಿಗೆ ಕೋಡ್ ಓದಿ ಹೇಳಿದವನು ನೀನು. ಮೂರನೆಯ ದಾರಿ ಇದ್ದರೆ ತೋರಿಸು.

ಮೇಷ್ಟ್ರಮ್ಮನ ಮನೆಗೆ ಹೋಗಿದ್ದೆ. ನೀನು ಹೇಳಿದೆ ಎಂದಲ್ಲ. ಬಾಗಿಲು ಹಾಕಿತ್ತು. ತಂಗಿಯ ಊರಿಗೆ ಹೋಗಿದ್ದಾರಂತೆ, ಯಾವ ಊರೋ ಪಕ್ಕದವರಿಗೆ ತಿಳಿಯದು. ಅವರ ಫೋನ್ ನಂಬರು ಆ ಹಾಳು ಖಾತೆಯೊಳಗೇ ಇದೆ. ಹೊಸ ಬೀಗ ಚೀಲದಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಬೆಪ್ಪನ ಹಾಗೆ ನಿಂತಿದ್ದೆ. ನನ್ನದೇ ಬೀಗ ಅದು, ತೆರೆಯುವುದು ನೀರು ಕುಡಿದಷ್ಟು ಸುಲಭ. ಆದರೆ ಹೇಳದೆ ಕೇಳದೆ ಮತ್ತೊಬ್ಬರ ಬಾಗಿಲು ತೆರೆದರೆ ನನಗೂ ಅವನಿಗೂ ಏನು ವ್ಯತ್ಯಾಸ? ವಾಪಸು ಬಂದೆ. ದಾರಿಯುದ್ದಕ್ಕೂ ನಿನಗೆ ಬೈದೆ.

ಖಾತೆ ಮುಚ್ಚಿಸಿಲ್ಲ. ಅರ್ಜಿ ತುಂಬಿ ಇಟ್ಟಿದ್ದೇನೆ.

ಭಾವ

(ತಮ್ಮಾ, ಅವರು ಕೊರಿಯರಿನವನಿಗೆ ಚಿಲ್ಲರೆ ತರಲು ಹೋಗಿದ್ದಾರೆ, ಅಷ್ಟರೊಳಗೆ ಬರೆಯುತ್ತೇನೆ. ನೀನು ಏನೂ ಬರೆದಿಲ್ಲ ಎಂದೆಯಲ್ಲ, ಅದನ್ನು ಓದಿದಾಗಿನಿಂದ ನನ್ನ ತಲೆ ಕೆಟ್ಟಿದೆ. ನೀನು ಹೋದ ಮೇಲೆ ಇವರು ನಿನ್ನ ನಂಬರಿಗೆ ಫೋನು ಮಾಡುತ್ತಲೇ ಇದ್ದರು. ಬಹಳ ದಿನ ಸ್ವಿಚ್ ಆಫ್ ಎಂದೇ ಬಂತು, ಆಮೇಲೆ ರಿಂಗಾದರೂ ನೀನು ಎತ್ತಲಿಲ್ಲ. ನಾನೂ ಮಾಡಿದೆ, ಎತ್ತಲಿಲ್ಲ. ಆಮೇಲೆ ಮೆಸೇಜು ಹಾಕಲು ಕಲಿತರು, ನಿನಗೆ ಹಾಕಲೆಂದೇ ಕಲಿತರು. ಒಂದು ದಿನ ನಿನ್ನಿಂದ ಉತ್ತರ ಬಂತು, "ನೀವು ಯಾರು?" ಎಂದು. ಅಷ್ಟೇ. ಕನ್ನಡಕ ಒರೆಸಿ ಒರೆಸಿ ಓದಿದರು. ನನ್ನ ಕೈಗೆ ಕೊಟ್ಟು "ಓದು, ನಿನ್ನ ತಮ್ಮ ನಾನು ಯಾರು ಅಂತ ಕೇಳ್ತಾನೆ" ಅಂದರು. ಮಾರನೆಯ ದಿನ ಏಣಿ ಹತ್ತಿ ಬಣ್ಣ ಬಳಿದರು. ನಾನು ತಡೆಯಲಿಲ್ಲ. ಫೋನು ಎತ್ತದವನು ಕಾಗದ ಓದುತ್ತಾನೆಯೇ ಎಂದು ನಿನ್ನ ವಿಳಾಸಕ್ಕೂ ಬರೆಯಲಿಲ್ಲ. ಆಮೇಲೂ ಇವರು ಆ ನಂಬರಿಗೆ ಮೆಸೇಜು ಹಾಕಿದ್ದಾರೆ, ಬರೀ ಬೈಗುಳ. ಹೇಳು, ಹಾಗೆ ಬರೆದದ್ದು ನೀನೇನಾ?)

*

ಮಾರ್ಚ್ 14

ಭಾವಾ, ಅಕ್ಕಾ, ಇಬ್ಬರೂ ಕೂತು ಓದಿ.

ಮೂರನೆಯ ದಾರಿ ಇದೆ.

ಆ ನಂಬರು ಈಗ ನನ್ನದಲ್ಲ. ಇಲ್ಲಿಗೆ ಬಂದ ಮೇಲೆ ಆ ಫೋನ್ ಕಂಪನಿಯ ಸಿಗ್ನಲ್ ಸಿಗುತ್ತಿರಲಿಲ್ಲ. ಹೊಸ ನಂಬರು ತೆಗೆದುಕೊಂಡೆ, ಹಳೆಯದನ್ನು ಅಂಗಡಿಯ ಖಾತೆಗೆ ಕಟ್ಟಿದ್ದು ಮರೆತು, ಅದಕ್ಕೆ ದುಡ್ಡು ಹಾಕದೆ ಬಿಟ್ಟುಬಿಟ್ಟೆ. ಹಾಗೆ ಬಿಟ್ಟ ನಂಬರನ್ನು ಅವರು ಕೆಲವು ತಿಂಗಳ ಮೇಲೆ ಬೇರೆ ಗಿರಾಕಿಗೆ ಕೊಟ್ಟುಬಿಡುತ್ತಾರೆ, ಖಾಲಿಯಾದ ಬಾಡಿಗೆ ಮನೆಯ ಹಾಗೆ. ನಿಮಗೆ ಯಾಕೆ ಹೇಳಲಿಲ್ಲ ಎಂದರೆ, ನೀವಾಗಿ ಕೇಳಲಿ ಎಂದು ಕಾದೆ. ಅಕ್ಕ ಕಾಗದ ಬರೆದರೆ ಅದಕ್ಕೆ ಉತ್ತರವಾಗಿ ಹೊಸ ನಂಬರು ಕೊಡೋಣ ಎಂದುಕೊಂಡೆ. ಒಂದು ಫೋನಿಲ್ಲ, ಒಂದು ಸಾಲಿಲ್ಲ. ಬೋರ್ಡಿನ ಸುದ್ದಿ ಬಂದ ಮೇಲೆ ಕಾಯುವುದನ್ನೂ ಬಿಟ್ಟೆ.

ನೀವು ಯಾರು ಎಂದು ಕೇಳಿದ್ದು ಯಾವನೋ ದಾರಿಹೋಕ, ಭಾವಾ. ಪಾಪ, ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ! ಯಾವನೋ ಮುಖ ಕಾಣದವನು ಕೇಳಿದ ಪ್ರಶ್ನೆಗೆ ನೀವು ನನ್ನನ್ನು ಬಿಳಿ ಬಣ್ಣದಲ್ಲಿ ಹೂತುಹಾಕಿದಿರಿ. ಇಷ್ಟು ವರ್ಷ ಒಂದೇ ಬೆಂಚಿನ ಮೇಲೆ ಕೂತು ಅರ ಉಜ್ಜಿದವನು ಅಂಥ ಮಾತು ಬರೆಯಬಲ್ಲ ಎಂದು ಹೇಗೆ ನಂಬಿದಿರಿ? ಕಳ್ಳ ದಯವಿಟ್ಟು ಎಂದು ಬರೆದಾಗ ಇದು ಭಾವ ಅಲ್ಲ ಎಂದು ಜನ ಹಿಡಿಯಬೇಕಿತ್ತು ಎನ್ನುತ್ತೀರಿ. ನನ್ನ ವಿಷಯದಲ್ಲಿ ನೀವು ಹಿಡಿದಿರಾ?

ಇನ್ನು ನನಗೆ ಬೇಕಾದದ್ದು ಒಂದೇ ಸಂಗತಿ. ಆ ನಂಬರಿಗೆ ಕಳಿಸಿದ ಬೈಗುಳದಲ್ಲಿ ಎಲ್ಲಾದರೂ ಅಂಗಡಿಯ ಖಾತೆಯ ಮಾತು ಬಂದಿದೆಯೇ ನೋಡಿ. ಬಂದಿದ್ದರೆ ಅವನು ಒಳಗೆ ಹೋದ ಬಾಗಿಲು ಅದೇ.

ಗುಟ್ಟಿನ ಪ್ರಶ್ನೆಯ ಉತ್ತರವನ್ನು ಬೇರೆ ಚೀಟಿಯಲ್ಲಿ ಅಂಟಿಸಿ ಇಟ್ಟಿದ್ದೇನೆ. ಚೀಟಿ ಅಕ್ಕನಿಗೆ. ಅಕ್ಕಾ, ನೀನೇ ಟೈಪು ಮಾಡು. ಭಾವ ಆ ಹೊತ್ತು ಗೋಡೆ ಕಡೆ ತಿರುಗಿ ಕೂತಿರಲಿ. ಆ ಪ್ರಶ್ನೆ ಹಾಕಿದಾಗ ನನಗೆ ಇನ್ನೂ ಮೀಸೆ ಚಿಗುರುತ್ತಿತ್ತು, ಅವತ್ತು ಬೆಳಿಗ್ಗೆ ತಾನೇ ಬೈಸಿಕೊಂಡಿದ್ದೆ.

ಒಳಗೆ ಹೋದ ತಕ್ಷಣ ಮೊದಲು ಪಾಸ್‌ವರ್ಡ್ ಬದಲಾಯಿಸಿ, ಆಮೇಲೆ ಆ ನಂಬರು ಕಿತ್ತುಹಾಕಿ, ಆಮೇಲೆ 'ಎಲ್ಲ ಕಡೆಯಿಂದ ಹೊರಗೆ ಹಾಕು' ಎಂಬುದನ್ನು ಒತ್ತಿ. ಇದನ್ನು ಬಿಟ್ಟರೆ ಅವನು ಒಳಗೇ ಉಳಿಯುತ್ತಾನೆ.

ತಮ್ಮ

*

ಮಾರ್ಚ್ 16
ಬೀಗದ ಅಂಗಡಿ

ತೆರೆಯಿತು.

ಗೋಡೆ ಕಡೆ ತಿರುಗಲಿಲ್ಲ. ಚೀಟಿ ಓದಿದ ನಿನ್ನ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ನಾನೇ ಕಿತ್ತುಕೊಂಡು ಓದಿದೆ. ಯಾವ ಕೀಲಿಗೂ ಬಗ್ಗದ ಬೀಗ "ನಮ್ಮ ಭಾವ" ಅಂತೆ. ಇಷ್ಟು ವರ್ಷ ನನ್ನದೇ ಅಂಗಡಿಯ ಖಾತೆಯೊಳಗೆ ಈ ಅವಮಾನ ಬಚ್ಚಿಟ್ಟುಕೊಂಡು ನನ್ನದೇ ಅನ್ನ ತಿಂದೆಯಲ್ಲ. ಇದಕ್ಕೆ ಬೇರೆ ಲೆಕ್ಕ ಇದೆ, ಈಗ ಪುರುಸೊತ್ತಿಲ್ಲ.

ಪಾಸ್‌ವರ್ಡ್ ಬದಲಾಯಿಸಿದೆ. ನಂಬರು ಕಿತ್ತೆ. ಎಲ್ಲ ಕಡೆಯಿಂದ ಹೊರಗೆ ಹಾಕಿದೆ. ಕೀಲಿ ಫೋಟೊ ಕಳಿಸಿದವರ ಹೆಸರು ನಿನ್ನ ಅಕ್ಕ ಬರೆದುಕೊಳ್ಳುತ್ತಿದ್ದಾಳೆ. ಡ್ರಾಯಿಂಗ್ ಕಲಿಸುವವನು, ಔಷಧಿ ಅಂಗಡಿಯವನು, ಹೊಸದಾಗಿ ಮದುವೆಯಾದ ಆ ಜೋಡಿ. ಒಬ್ಬ ಮಹಾಶಯ ಅಲಮಾರಿನ ಕೀಲಿಯದ್ದೂ ಸೇರಿಸಿ ಕಳಿಸಿದ್ದಾನೆ, ಕೇಳದೇ ಹೋದರೂ. ಎಲ್ಲರಿಗೂ ನಾನೇ ಫೋನು ಮಾಡಿ ಹೇಳುತ್ತಿದ್ದೇನೆ: ನನ್ನ ಖಾತೆಗೆ ಕನ್ನ ಬಿತ್ತು, ನಿಮ್ಮ ಕೀಲಿ ಕಳ್ಳನ ಕೈಯಲ್ಲಿದೆ, ಬಂದು ಬೀಗ ಬದಲಾಯಿಸುತ್ತೇನೆ, ದುಡ್ಡು ಬೇಡ. ಡಂಗುರ ನಾನೇ ಹೊಡೆದದ್ದಾಯಿತು. ಔಷಧಿ ಅಂಗಡಿಯವನು ಬಾಯಿಗೆ ಬಂದಂತೆ ಬೈದ. ಪೂರ್ತಿ ಕೇಳಿಸಿಕೊಂಡೆ. ಬೈಯುವುದನ್ನು ಬಲ್ಲವನಾದ್ದರಿಂದ ಹೇಳುತ್ತೇನೆ, ಚೆನ್ನಾಗಿ ಬೈದ.

ಮೇಷ್ಟ್ರಮ್ಮನೂ ಫೋನಿನಲ್ಲಿ ಸಿಕ್ಕರು. "ಅಯ್ಯೋ, ಬದಲಾಯಿಸಿಬಿಡಿ ಭಾವ, ನನ್ನನ್ನ ಯಾಕೆ ಕೇಳ್ತೀರಿ?" ಎಂದರು. ಕೇಳಬೇಕಾದ್ದಕ್ಕೆ ಕೇಳಿದೆ. ಮೊದಲು ಅಲ್ಲಿಗೇ ಹೊರಟಿದ್ದೇನೆ.

ಬೈಗುಳ ತೆಗೆದು ನೋಡು ಎಂದೆಯಲ್ಲ, ನೋಡಿದೆ. ಏನು ಕಂಡಿತು ಎಂದು ಈಗ ಬರೆಯಲಾರೆ.

ಭಾವ

*

ಮಾರ್ಚ್ 18

ಭಾವಾ,

ಗಿರಾಕಿಗಳ ಮನೆ ಮನೆಯ ಮೆಟ್ಟಿಲು ಹತ್ತಿ ಇಳಿದು ನಿಮ್ಮ ಮೊಣಕಾಲು ಏನಾಗಿದೆ ಎಂದು ಅಕ್ಕ ಬರೆಯದಿದ್ದರೂ ನನಗೆ ಗೊತ್ತು. ಕೆಳಗಿನ ತಿರುಪು ಬಿಚ್ಚಲು ನೀವು ನೆಲದ ಮೇಲೆ ಕೂರಬೇಕು, ಕೂತರೆ ಏಳಲಾರಿರಿ. ಆ ಕೆಲಸ ಯಾವಾಗಲೂ ನನ್ನದಾಗಿತ್ತು.

ಹೊಸ ನಂಬರು ಕೆಳಗೆ ಬರೆದಿದ್ದೇನೆ. ಬೇಕಾದರೆ ಬಳಸಿ. ಬಳಸದಿದ್ದರೂ ಈ ಸಲ ಬಿಡುವುದಿಲ್ಲ.

ಬರಲೇ ಎಂದು ಕೇಳುತ್ತಿಲ್ಲ. ಕರೆಯದ ಕಡೆ ಹೋಗುವ ಅಭ್ಯಾಸ ತಪ್ಪಿಹೋಗಿದೆ.

ತಮ್ಮ

*

ಮಾರ್ಚ್ 21
ಬೀಗದ ಅಂಗಡಿ

ಭಾವಮೈದನಿಗೆ,

ಮೇಷ್ಟ್ರಮ್ಮ ಊರಿಂದ ಬಂದು, ಅಂಗಡಿಯಲ್ಲಿ ನನ್ನ ಕೈಯಿಂದ ಕೀಲಿ ತೆಗೆದುಕೊಂಡು ಹೋಗಿ ಬಾಗಿಲು ತೆಗೆಯಲು ನೋಡಿದರೆ ಹೊಸ ಕೀಲಿ ಬೀಗದೊಳಗೆ ಹೋಗುವುದೇ ಇಲ್ಲ. "ಏನ್ ಭಾವ, ಮುಷ್ಟಿಯಲ್ಲಿ ಮುಚ್ಚಿ ಕೊಟ್ಟಿರಿ, ತೆಗೆದು ನೋಡಿದರೆ ಕೆಲಸಕ್ಕೆ ಬಾರದ್ದು" ಎಂದು ಫೋನಿನಲ್ಲಿ ಗದರಿದರು. ಹೋಗಿ ಟಾರ್ಚು ಹಾಕಿ ನೋಡಿದೆ. ನಾನು ಹಾಕಿದ ಹೊಸ ಬೀಗದೊಳಗೆ ಒಂದು ಕೀಲಿಯ ತುಂಡು ಮುರಿದು ಕೂತಿತ್ತು. ಬೇರೆ ಯಾರದೋ ಕೀಲಿ. ಚಿಮಟದಿಂದ ಎಳೆದು ಅಂಗೈ ಮೇಲೆ ಇಟ್ಟುಕೊಂಡೆ. ಹಿತ್ತಾಳೆ ಇನ್ನೂ ಹೊಳೆಯುತ್ತಿತ್ತು, ಮೊನ್ನೆ ಮೊನ್ನೆ ಅರೆದದ್ದು. ಹಲ್ಲುಗಳು ಒಂದೊಂದೂ ಅವರ ಹಳೆಯ ಬೀಗಕ್ಕೆ ಸರಿಯಾಗಿ ಕೂರುವಂಥವು. ಬಂದಿದ್ದಾನೆ, ತೂರಿಸಿದ್ದಾನೆ, ತಿರುಗಲಿಲ್ಲ ಎಂದು ಬಲ ಹಾಕಿದ್ದಾನೆ, ಮುರಿದಿದೆ, ಓಡಿದ್ದಾನೆ. ಆ ಮೆಟ್ಟಿಲ ಮೇಲೆ ಕೂತವನು ಬಹಳ ಹೊತ್ತು ಏಳಲಿಲ್ಲ. ಮೊಣಕಾಲಿನ ಕಾರಣಕ್ಕೆ ಎಂದೇ ಇಟ್ಟುಕೋ.

ತುಂಡನ್ನು ಪೊಲೀಸರಿಗೆ ಕೊಟ್ಟೆ. ಆ ಹಳೆಯ ನಂಬರು ಈಗ ಬಂದ್ ಆಗಿದೆಯಂತೆ, ಹುಡುಕುತ್ತಾರಂತೆ. ಹುಡುಕಲಿ. ಆ ಕೀಲಿ ಅರೆದದ್ದು ಯಂತ್ರವಲ್ಲ, ಕೈ. ನಮ್ಮ ಕಸುಬಿನವನೇ ಯಾರೋ ದುಡ್ಡು ತೆಗೆದುಕೊಂಡು ಫೋಟೊ ನೋಡಿ ಅರೆದುಕೊಟ್ಟಿದ್ದಾನೆ. ಅವನು ನನ್ನ ಕೈಗೆ ಸಿಕ್ಕರೆ ಪೊಲೀಸರಿಗೆ ಏನೂ ಉಳಿಯುವುದಿಲ್ಲ.

ಆ ಮೆಸೇಜಿನ ವಿಷಯ. ಬರೆದುಬಿಡುತ್ತೇನೆ, ಎರಡನೆಯ ಸಲ ಕೇಳಬೇಡ. "ಲೋ ನಾಲಾಯಕ್ಕು, ನಿನ್ನ ಈ ನಂಬರನ್ನ ಅಂಗಡಿಯ ಮೇಲ್ ಖಾತೆಗೆ ಕಟ್ಟಿದ್ದೀಯಲ್ಲ, ಬಂದು ಬಿಚ್ಚಿಕೊಂಡು ಹೋಗು" ಎಂದು ಬರೆದು, ಗುರುತು ತಪ್ಪಬಾರದೆಂದು ಖಾತೆಯ ವಿಳಾಸವನ್ನೂ ಪೂರ್ತಿ ಹಾಕಿದ್ದೇನೆ. ಯಾವನೋ ಗೊತ್ತಿಲ್ಲದವನಿಗೆ, ಕೀಲಿಯ ಹಲ್ಲು ಮೇಲೆ ಮಾಡಿ, ಅಂಗೈ ಅಗಲಿಸಿ. ನಿನ್ನ ಮಣಿಕಟ್ಟಿಗೆ ಹೊಡೆದ ಸ್ಕೇಲು ಇನ್ನೂ ಗೋಡೆಗೆ ನೇತುಹಾಕಿದೆ. ಬಂದಾಗ ಬಳಸಿಕೋ. ಆದರೆ ನಂಬರು ಬಿಟ್ಟ ವಿಷಯ ಹೇಳದ ಕತ್ತೆಗೂ ಅದೇ ಸ್ಕೇಲಿನಲ್ಲಿ ಪಾಲಿದೆ.

ಎಲ್ಲರ ಬೀಗವೂ ಬದಲಾದ ಮೇಲೆ ನಿನ್ನೆ ಹಳೆಯ ಖಾತೆ ಮುಚ್ಚಿಸಿದೆ. ಈ ಸಲ ಒಳಗಿನಿಂದಲೇ ಮುಚ್ಚಿದ್ದರಿಂದ, ಅಳಿಸುವ ಮೊದಲು ಅದು ಮತ್ತೊಮ್ಮೆ ಅದೇ ಪ್ರಶ್ನೆ ಕೇಳಿತು, ಯಾವ ಕೀಲಿಗೂ ಬಗ್ಗದ ಬೀಗ ಯಾವುದು ಎಂದು. ಆ ಗಾಜಿನ ಕಚೇರಿಯಲ್ಲಿ, ಆ ಹುಡುಗಿ ನೋಡುತ್ತಿರುವಂತೆ, ನನ್ನ ಕೈಯಾರೆ ಒಂದೊಂದೇ ಅಕ್ಷರ ಒತ್ತಬೇಕಾಯಿತು. ಅವಳು ತುಟಿ ಕಚ್ಚಿಕೊಂಡಳು. "ನಗಮ್ಮಾ, ನಗು" ಎಂದೆ.

ಹೊಸ ಖಾತೆ ತೆರೆದಿದ್ದೇನೆ. ಅದಕ್ಕೂ ಒಂದು ಗುಟ್ಟಿನ ಪ್ರಶ್ನೆ ಬೇಕೆಂದಿತು. ಈ ಸಲ ನಾನು ಹಾಕಿದೆ: "ಹೇಳದೆ ಕೇಳದೆ ಎದ್ದುಹೋದ ಕತ್ತೆ ಯಾವುದು?" ಉತ್ತರ ನಿನಗೆ ಗೊತ್ತು. ಮರೆತರೆ ಕನ್ನಡಿ ನೋಡಿಕೋ. ಕೋಡ್ ಬರಲು ಯಾರ ನಂಬರು ಕಟ್ಟಲಿ ಎಂದೂ ಕೇಳಿತು. ನಿನ್ನ ಹೊಸದನ್ನು ಹಾಕಿದ್ದೇನೆ. ಅದನ್ನೂ ಬಿಟ್ಟೆಯೋ, ಹಡಗುಕಟ್ಟೆಗೇ ಬಂದು ಕಾಲು ಮುರಿಯುತ್ತೇನೆ.

ಬೋರ್ಡಿನ ಬಣ್ಣ ಕೆರೆಯಲು ಏಣಿ ಹತ್ತಲಾರೆ. ಬಳಿಯುವಾಗಲೇ ಸಾಕಾಗಿತ್ತು. ಬೇಕಾದವರು ಬಂದು ಕೆರೆದುಕೊಳ್ಳಲಿ.

ಭಾವ

(ತಮ್ಮಾ, ಇವರು ಇಷ್ಟೆಲ್ಲ ಬರೆದರು, ಒಂದನ್ನು ಬಿಟ್ಟರು. ಫೋನಿನಲ್ಲಿ ಬೈಗುಳಕ್ಕೂ ಮೊದಲು, ಆ "ನೀವು ಯಾರು?" ಎಂಬುದರ ನೆತ್ತಿಯ ಮೇಲೆಯೇ, ಇವರು ನಿನಗೆಂದು ಹಾಕಿದ ಮೆಸೇಜು ಹಾಗೇ ಇದೆ. ಆ ದಾರಿಹೋಕನಿಗೆ ಮುಟ್ಟಿತು, ನಿನಗೆ ಮುಟ್ಟಲಿಲ್ಲ. ಅಕ್ಷರ ತಿದ್ದದೆ ಬರೆಯುತ್ತಿದ್ದೇನೆ: "ಬಟನ್ ಬೀಗನೂ ಇಡೋಣ. ಎಡಗಡೆ ಕಪಾಟು ಖಾಲಿ ಮಾಡಿದೀನಿ. ದಯವಿಟ್ಟು ಬಾ.")